ಸಣ್ಣ ಬಾನುಲಿ ಕೇಂದ್ರಗಳು ಫೇಸ್‌ಬುಕ್ ಲೈವ್, ರೀಲ್ಸ್ ಮಾಡಲೇಬೇಕೇ?

ಹಾವೇರಿ ಕಡೆಯ ಸಣ್ಣ ಬಾನುಲಿ ಕೇಂದ್ರದಲ್ಲಿದ್ದೇನೆ, ಯುವಕರು ಕೇಳುವುದನ್ನು ಬಿಟ್ಟಿದ್ದಾರೆ, ಮೇಲಿನವರು ಎಲ್ಲ ಕಾರ್ಯಕ್ರಮಗಳನ್ನೂ ಫೇಸ್‌ಬುಕ್‌ನಲ್ಲಿ ನೇರವಾಗಿ ತೋರಿಸಿ ಎನ್ನುತ್ತಿದ್ದಾರೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ದಯವಿಟ್ಟು ಸ್ಟುಡಿಯೊದೊಳಗೆ ಕ್ಯಾಮೆರಾ ತರಬೇಡಿ. ನಾನು ತಂದಿದ್ದೆ.

ನಾನು ಉದ್ಘೋಷಕಿಯಾಗಿದ್ದ ಕೇಂದ್ರ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳ್ಳಿಗಳದು. ಸಮುದಾಯ ಬಾನುಲಿಯ ಪ್ರಸಾರ ಶಕ್ತಿಯ ಮಿತಿ ನಿಮಗೆ ಗೊತ್ತೇ ಇದೆ, ಸಾಮಾನ್ಯವಾಗಿ 100 ವ್ಯಾಟ್. ಗುಡ್ಡ, ಬಯಲು ನೋಡಿಕೊಂಡು ಹತ್ತು ಹದಿನೈದು ಕಿಲೊಮೀಟರ್ ಕೇಳಿಸುತ್ತದೆ. ಸಂಜೆಯ ಕೃಷಿ ಕಾರ್ಯಕ್ರಮ ನನ್ನದು. ತಜ್ಞರೊಬ್ಬರು ಬರುತ್ತಿದ್ದರು, ರೈತರು ಫೋನ್ ಮಾಡಿ ಪ್ರಶ್ನೆ ಕೇಳುತ್ತಿದ್ದರು. ಕೇಂದ್ರದ ಉಳಿದೆಲ್ಲ ಕಾರ್ಯಕ್ರಮಗಳನ್ನು ಸೇರಿಸಿದರೂ ಬರದಷ್ಟು ಕರೆಗಳು ಈ ಅರ್ಧ ಗಂಟೆಗೆ ಬರುತ್ತಿದ್ದವು. ಆಗ ಎಲ್ಲರೂ ಲೈವ್ ಮಾಡುತ್ತಿದ್ದ ಕಾಲ. ನಾವೇಕೆ ಹಿಂದುಳಿಯಬೇಕು ಎಂದು ನಾನೇ ಹಟ ಹಿಡಿದು ಮೈಕಿನ ಎದುರಿಗೆ ಮೊಬೈಲ್ ನಿಲ್ಲಿಸಿದೆ. ಯಾರೂ ಒತ್ತಾಯಿಸಿರಲಿಲ್ಲ.

ಒಂದು ಸಂಜೆ ಮೆಣಸಿನಕಾಯಿಯ ಎಲೆ ಮುಟುರು ರೋಗದ ಬಗ್ಗೆ ಕಾರ್ಯಕ್ರಮ. ಬ್ಯಾಡಗಿ ತಳಿ ಧಾರವಾಡ, ಗದಗ, ಹಾವೇರಿ ಈ ಮೂರೂ ಜಿಲ್ಲೆಗಳ ಬದುಕು, ನಿಮಗೆ ವಿವರಿಸಬೇಕಾಗಿಲ್ಲ. ತಜ್ಞರು ಹೊಲದಿಂದ ಎರಡು ಬಗೆಯ ಎಲೆಗಳನ್ನು ತಂದಿದ್ದರು. ಒಂದನ್ನು ಕ್ಯಾಮೆರಾಕ್ಕೆ ಹಿಡಿದು, "ಎಲೆ ಹೀಗೆ ಮುದುಡಿದ್ದರೆ ಥ್ರಿಪ್ಸ್ ಕೀಟ, ಈ ಔಷಧ ಹೊಡೆಯಿರಿ" ಎಂದರು. ಇನ್ನೊಂದನ್ನು ಹಿಡಿದು, "ಹೀಗೆ ಮುದುಡಿದ್ದರೆ ಅದು ನುಸಿ, ಇದಕ್ಕೆ ಔಷಧ ಬೇರೆ" ಎಂದರು. ನಾನು ಪರದೆಯ ಮೇಲೆ ಎಲೆ ಚೆನ್ನಾಗಿ ಕಾಣುತ್ತಿದೆಯೇ ಎಂದು ನೋಡುತ್ತಿದ್ದೆ. ಚೆನ್ನಾಗಿಯೇ ಕಾಣುತ್ತಿತ್ತು. "ಧನ್ಯವಾದಗಳು ಸರ್" ಎಂದು ಮುಂದಿನ ಪ್ರಶ್ನೆಗೆ ಹೋದೆ.

ಕೆಲವು ದಿನಗಳ ನಂತರ ಕುಂದಗೋಳದ ಕಡೆಯ ರೈತರೊಬ್ಬರು ಕರೆ ಮಾಡಿದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. "ಅಕ್ಕಾವರೇ, ಅವತ್ತು ಹೀಗೆ ಇದ್ದರೆ ಇದು, ಹೀಗೆ ಇದ್ದರೆ ಅದು ಎಂದಿರಿ. ಹೀಗೆ ಎಂದರೆ ಹೇಗೆ?" ಅವರ ಗಿಡಕ್ಕೆ ಬಂದಿದ್ದದ್ದು ನುಸಿ. ಅವರು ಕೊಂಡು ಹೊಡೆದದ್ದು ಥ್ರಿಪ್ಸ್ ಔಷಧ. ಥ್ರಿಪ್ಸ್‌ಗೆ ಹೊಡೆಯುವ ಎಷ್ಟೋ ಔಷಧಗಳು ನುಸಿಗೆ ನಾಟುವುದಿಲ್ಲ. ದುಡ್ಡು ಹೋಯಿತು, ಹೂ ಬಿಡುವ ಹೊತ್ತಿನ ದಿನಗಳು ಹೋದವು, ಚಿಗುರೆಲ್ಲ ಸುರುಟಿಕೊಂಡಿತು.

ಇದರಲ್ಲಿ ತಜ್ಞರ ತಪ್ಪೇನೂ ಇಲ್ಲ. ಎದುರಿಗೆ ಕ್ಯಾಮೆರಾ ಇದ್ದರೆ ಯಾರಾದರೂ ತೋರಿಸಿಯೇ ತೋರಿಸುತ್ತಾರೆ. ಅವರನ್ನು ತಡೆದು, "ಸರ್, ಕೇಳುಗರಿಗೆ ಎಲೆ ಕಾಣುವುದಿಲ್ಲ, ಬಾಯಲ್ಲಿ ಹೇಳಿ" ಎನ್ನುವುದೇ ನನ್ನ ಉದ್ಯೋಗ. ಕ್ಯಾಮೆರಾ ಬರುವ ಮುನ್ನ ಆ ಮಾತು ನನ್ನ ನಾಲಿಗೆಯ ಮೇಲೆಯೇ ಇರುತ್ತಿತ್ತು. ಅವತ್ತು ನಾನು ಹೇಳಿಸಬೇಕಾಗಿದ್ದದ್ದು ಇಷ್ಟೇ: ಎಲೆಯನ್ನು ಅಂಗೈ ಮೇಲೆ ಇಟ್ಟುಕೊಳ್ಳಿ, ಅಂಚುಗಳು ಮೇಲಕ್ಕೆ ಮಡಿಚಿ ದೋಣಿಯ ಹಾಗೆ ಆಗಿದ್ದರೆ ಥ್ರಿಪ್ಸ್, ಅಂಚುಗಳು ಕೆಳಕ್ಕೆ ಬಾಗಿ, ಎಲೆಯ ತೊಟ್ಟು ಉದ್ದವಾಗಿದ್ದರೆ ನುಸಿ. ಎರಡು ವಾಕ್ಯ. ಹೊಲದಲ್ಲಿ ನಿಂತು ರೇಡಿಯೊ ಕೇಳುತ್ತಿರುವವನು ಆ ಕ್ಷಣವೇ ಎಲೆ ಕಿತ್ತು ಪರೀಕ್ಷಿಸಿಕೊಳ್ಳಬಹುದಾಗಿದ್ದ ಎರಡು ವಾಕ್ಯ.

ಹಳೆಯ ಧ್ವನಿಮುದ್ರಣಗಳನ್ನು ತೆಗೆದು ಕೇಳಿದೆ. ಲೈವ್ ಶುರುವಾದ ಮೇಲಿನ ಎಲ್ಲ ಕಂತುಗಳಲ್ಲೂ "ಇಲ್ಲಿ ನೋಡಿ", "ಇಷ್ಟು ಉದ್ದ", "ಈ ಬಣ್ಣ" ಇದ್ದವು. "ಕೇಳುಗರೇ" ಎನ್ನುತ್ತಿದ್ದ ನಾನೇ "ವೀಕ್ಷಕರೇ" ಎಂದಿದ್ದೆ. ಇನ್ನೂ ನೋವಾದದ್ದು ಬೇರೆ. ಪರದೆಯ ಮೇಲೆ ಏರುತ್ತಿದ್ದ "ಬೆಂಗಳೂರಿನಿಂದ ನಮಸ್ಕಾರ ಮೇಡಂ" ಎಂಬ ಸಾಲುಗಳನ್ನು ಓದಿ ಉತ್ತರಿಸುತ್ತಿದ್ದಾಗ ಹಿಂದೆ ಫೋನ್ ಗಂಟೆ ಬಡಿದುಕೊಂಡು ನಿಂತುಹೋಗುವುದು ಕೇಳಿಸುತ್ತಿತ್ತು. ಆ ಕರೆಗಳೆಲ್ಲ ನಮ್ಮ ಹದಿನೈದು ಕಿಲೊಮೀಟರಿನ ಒಳಗಿನವು. ಸಾವಿರಗಟ್ಟಲೆ ವೀಕ್ಷಣೆ ಎಂದು ಹಿಗ್ಗಿದ್ದೆವು. ಆಗಿನ ಫೇಸ್‌ಬುಕ್ ಲೆಕ್ಕದಲ್ಲಿ 3 ಸೆಕೆಂಡ್ ನೋಡಿದರೂ ಅದೊಂದು ವೀಕ್ಷಣೆಯಾಗಿತ್ತು ಎಂದು ಆಮೇಲೆ ತಿಳಿಯಿತು. ಬೀಜ, ಗೊಬ್ಬರದ ಅಂಗಡಿಯವರೊಬ್ಬರು ಕಾರ್ಯಕ್ರಮಕ್ಕೆ ಪ್ರಾಯೋಜಕರಾಗಿದ್ದರು. ಕರೆಗಳು ತೆಳುವಾದದ್ದನ್ನು ನಮಗಿಂತ ಮೊದಲು ಗಮನಿಸಿದವರು ಅವರು. ಜಾಹೀರಾತು ನಿಲ್ಲಿಸಿದರು. ಅವರ ಅಂಗಡಿಗೆ ಬರುವವರು ಆ ಹಳ್ಳಿಗಳ ಜನ, ಲೈವ್ ನೋಡುವವರಲ್ಲ.

ಈಗ ನಿಮ್ಮ ಪ್ರಶ್ನೆಯೊಳಗಿನ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಯುವಕರು ರೇಡಿಯೊ ಬಿಟ್ಟಿದ್ದಾರೆ ಎನ್ನುತ್ತೀರಿ. ಅವರ ಕೈಯಲ್ಲಿರುವ ಫೋನನ್ನು ಒಮ್ಮೆ ಇಸಿದುಕೊಂಡು ನೋಡಿ. ಮೊದಲಿನ ಕೀಪ್ಯಾಡ್ ಫೋನುಗಳಲ್ಲಿ ಎಫ್‌ಎಂ ಇರುತ್ತಿತ್ತು, ಇಯರ್‌ಫೋನಿನ ತಂತಿಯೇ ಆಂಟೆನಾ ಆಗುತ್ತಿತ್ತು. ಈಗಿನ ಎಷ್ಟೋ ಸ್ಮಾರ್ಟ್‌ಫೋನುಗಳಲ್ಲಿ ಎಫ್‌ಎಂ ಸೌಲಭ್ಯವೇ ಇಲ್ಲ, ಇದ್ದರೂ ಬ್ಲೂಟೂತ್ ಇಯರ್‌ಫೋನ್ ಹಾಕಿದವರಿಗೆ ತಂತಿಯಿಲ್ಲ. ಫೋನುಗಳಲ್ಲಿ ಎಫ್‌ಎಂ ತೆಗೆಯಬೇಡಿ ಎಂದು ಕೇಂದ್ರ ಸರ್ಕಾರವೇ 2023ರಲ್ಲಿ ತಯಾರಕರಿಗೆ ಸೂಚನೆ ಕೊಡಬೇಕಾಯಿತು. ಕೇಳುವ ಸಾಧನ ಕೈಯಿಂದ ಹೋದವರನ್ನು ಆಸಕ್ತಿ ಹೋದವರು ಎಂದು ಎಣಿಸಬಾರದು. 1950ರಿಂದ ಇರುವ ಧಾರವಾಡ ಆಕಾಶವಾಣಿಯನ್ನು ನಮ್ಮ ಹಿರಿಯರು 765 ಕಿಲೊಹರ್ಟ್ಸ್‌ಗೆ ಮುಳ್ಳು ನಿಲ್ಲಿಸಿ ಕೇಳುತ್ತಿದ್ದರು. ಅದೇ ಕೇಂದ್ರ ಈಗ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಸಿಗುತ್ತದೆ. ಗೋವಾಕ್ಕೆ, ಪುಣೆಗೆ ದುಡಿಯಲು ಹೋದ ನಮ್ಮ ಕಡೆಯ ಹುಡುಗರು ಅದನ್ನು ಕೇಳುತ್ತಾರೆ. ಅಲ್ಲಿ ಯಾರ ಮುಖವೂ ಕಾಣುವುದಿಲ್ಲ.

ನಾವು ಕ್ಯಾಮೆರಾ ತೆಗೆದ ಮೇಲೆ ಏನು ಮಾಡಿದೆವು ಎಂಬುದನ್ನು ಹೇಳುತ್ತೇನೆ, ಏಕೆಂದರೆ ನನಗೆ ಡಿಜಿಟಲ್ ಬೇಡವಾಗಿಲ್ಲ. ಕೇಂದ್ರಕ್ಕೆ ಒಂದು ವಾಟ್ಸ್‌ಆ್ಯಪ್ ಸಂಖ್ಯೆ ಇಟ್ಟೆವು. ರೋಗ ಬಂದ ಎಲೆಯ ಫೋಟೊ ಕಳಿಸಿ, ಪ್ರಶ್ನೆಯನ್ನು ಧ್ವನಿ ಸಂದೇಶವಾಗಿ ಕಳಿಸಿ, ನಿಮ್ಮ ಊರಿನ ಹೆಸರು ಹೇಳಿ ಎಂದು ಪ್ರತಿ ಕಾರ್ಯಕ್ರಮದಲ್ಲಿ ಹೇಳಿದೆವು. ತಜ್ಞರು ಫೋಟೊ ನೋಡಿಕೊಂಡು ಬರುತ್ತಿದ್ದರು. ಮೈಕಿನ ಮುಂದೆ ಅದನ್ನು ಮಾತಿನಲ್ಲಿ ಬಿಡಿಸಿ ಹೇಳಿಸುವುದು ನನ್ನ ಹೊಣೆ. ಕ್ಯಾಮೆರಾ ಇರಬೇಕಾದದ್ದು ರೈತನ ಕೈಯಲ್ಲಿ, ಸ್ಟುಡಿಯೊದಲ್ಲಲ್ಲ. ಇದೊಂದನ್ನು ನಿಮ್ಮ ಆಡಳಿತದವರಿಗೆ ಒಪ್ಪಿಸಿದರೆ ಉಳಿದದ್ದೆಲ್ಲ ಸುಲಭ.

ನಾನು ನಿರೀಕ್ಷಿಸದೇ ಇದ್ದದ್ದು ಹೆಣ್ಣುಮಕ್ಕಳ ಧ್ವನಿ. ಸಂಜೆ ಕಾರ್ಯಕ್ರಮದ ಹೊತ್ತಿಗೆ ಅವರು ಒಲೆಯ ಮುಂದೆ ಇರುತ್ತಾರೆ, ಫೋನ್ ಗಂಡನ ಕಿಸೆಯಲ್ಲಿರುತ್ತದೆ. ನೇರ ಕರೆ ಮಾಡಿ ಮಾತನಾಡುವ ಹೆಣ್ಣುಮಕ್ಕಳು ಅಪರೂಪವಾಗಿದ್ದರು. ಧ್ವನಿ ಸಂದೇಶ ಶುರುವಾದ ಮೇಲೆ ಊಟವೆಲ್ಲ ಮುಗಿದು ರಾತ್ರಿ ಬಹಳ ಹೊತ್ತಾದ ಮೇಲೆ ಸಂದೇಶಗಳು ಬರತೊಡಗಿದವು. ಕಳೆ ತೆಗೆಯುವ ಕೂಲಿ, ಎಮ್ಮೆಯ ಕೆಚ್ಚಲ ಬಾವು, ಬಿತ್ತನೆಗೆ ಎತ್ತಿಟ್ಟ ಬೀಜದಲ್ಲಿ ಹುಳು. ಕೆಲವರು ತಪ್ಪಿ ಆಡಿದ್ದನ್ನು ಅಳಿಸಿ ಮತ್ತೆ ಹೇಳಿ ಕಳಿಸುತ್ತಿದ್ದರು. ನೇರ ಪ್ರಸಾರದಲ್ಲಿ ಆ ಅವಕಾಶ ಅವರಿಗೆ ಎಲ್ಲಿತ್ತು? ಆ ಧ್ವನಿಗಳನ್ನು ಹಾಗೆಯೇ ಪ್ರಸಾರ ಮಾಡಿದೆವು, ಅವರ ಒಪ್ಪಿಗೆ ಪಡೆದು. ಪಕ್ಕದ ಊರಿನವರು ಗುರುತಿಸಿ ಮಾತನಾಡಿಸುತ್ತಿದ್ದರಂತೆ.

ವಾಟ್ಸ್‌ಆ್ಯಪ್‌ನ ಒಂದು ತೊಡಕು ಮೊದಲೇ ತಿಳಿದಿರಲಿ. ಒಂದೇ ಸಂದೇಶವನ್ನು ಒಮ್ಮೆಗೇ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಮಾತ್ರ ಕಳಿಸಬಹುದು, ಅದೂ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ಸಂಖ್ಯೆಯನ್ನು ಹೇಳಿ ಬಿಟ್ಟರೆ ಸಾಲದು, ಕೇಂದ್ರದ ಹೆಸರಿನಲ್ಲಿ ಉಳಿಸಿಕೊಳ್ಳಿ ಎಂದು ಬಿಡಿಸಿ ಹೇಳಬೇಕು. ಕಾರ್ಯಕ್ರಮದ ಧ್ವನಿಯನ್ನು ಚಿಕ್ಕ ಕಡತವಾಗಿ ಮಾಡಿ ಕಳಿಸಿ. ಮಾತಿಗೆ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೊಬಿಟ್) ಮೊನೊ, ಅಂದರೆ ಒಂದೇ ಧ್ವನಿಪಥದ ಮುದ್ರಣ, ಧಾರಾಳ ಸಾಕು, ಅರ್ಧ ಗಂಟೆಗೆ ಸುಮಾರು 14 ಎಂಬಿ ಆಗುತ್ತದೆ. ಅದಕ್ಕೂ ಮೇಲು, ಒಂದೊಂದು ಪ್ರಶ್ನೋತ್ತರವನ್ನು ಬೇರೆ ಮಾಡಿ "ಮೆಣಸಿನಗಿಡದ ಎಲೆ ಕೆಳಗೆ ಬಾಗಿದ್ದರೆ" ಎಂಬಂಥ ಹೆಸರು ಕೊಡುವುದು. ಕಂತಿನ ಸಂಖ್ಯೆಯನ್ನು ಯಾರೂ ಹುಡುಕುವುದಿಲ್ಲ.

ಯೂಟ್ಯೂಬ್‌ಗೆ ಇಡೀ ಕಾರ್ಯಕ್ರಮ ಏರಿಸುವ ಯೋಚನೆ ಇದ್ದರೆ ಅದರಲ್ಲಿನ ಚಿತ್ರಗೀತೆಗಳನ್ನು ಮೊದಲು ತೆಗೆಯಿರಿ. ರೇಡಿಯೊದಲ್ಲಿ ಹಾಡು ಹಾಕಲು ಪಡೆದ ಪರವಾನಗಿ ಅಂತರ್ಜಾಲಕ್ಕೂ ಸಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಡಿ ಕಲಂ ನಿಗದಿತ ದರ ಕೊಟ್ಟು ಹಾಡು ಪ್ರಸಾರ ಮಾಡುವ ಹಕ್ಕನ್ನು ರೇಡಿಯೊ, ಟಿವಿಗೆ ಕೊಡುತ್ತದೆ. ಅಂತರ್ಜಾಲಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದೆ. 90 ದಿನಗಳೊಳಗೆ ಮೂರು ಸ್ಟ್ರೈಕ್, ಅಂದರೆ ಕೃತಿಸ್ವಾಮ್ಯ ಉಲ್ಲಂಘನೆಯ ಎಚ್ಚರಿಕೆ, ಬಂದರೆ ಯೂಟ್ಯೂಬ್ ಚಾನೆಲನ್ನೇ ಮುಚ್ಚಬಹುದು. ನಿಮ್ಮ ಜಿಲ್ಲೆಯವರೇ ಆದ ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ಅವರ ಪದಗಳಿಗೆ ಯಾರ ಹಕ್ಕೂ ಇಲ್ಲ. ಆದರೆ ಕ್ಯಾಸೆಟ್ ಕಂಪನಿಯೊಂದು ಮಾಡಿಸಿದ ಧ್ವನಿಮುದ್ರಣಕ್ಕೆ ಹಕ್ಕು ಇರಬಹುದು. ಊರಿನ ಭಜನಾ ಮಂಡಳಿಯನ್ನು ಸ್ಟುಡಿಯೊಗೆ ಕರೆಸಿ ನೀವೇ ಮುದ್ರಿಸಿಕೊಳ್ಳಿ. ಕಣದಲ್ಲಿ ಒಕ್ಕುವಾಗಿನ ಹಂತಿ ಪದ ಹಾಡುವ ಅಜ್ಜಂದಿರು, ಬೀಸುವ ಪದ ಹಾಡುವ ಅಜ್ಜಿಯರು ಇನ್ನೂ ಇದ್ದಾರೆ. ರೇಡಿಯೊಗೂ ಅಂತರ್ಜಾಲಕ್ಕೂ ಬಳಸುತ್ತೇವೆ ಎಂದು ಒಪ್ಪಿಗೆ ಪತ್ರದಲ್ಲಿ ಬರೆದು ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ, ಗೌರವಧನ ಕೊಡಿ.

ರೀಲ್ಸ್ ಬೇಕೇ ಬೇಕು ಎಂದು ಮೇಲಿನವರು ಪಟ್ಟು ಹಿಡಿದರೆ, ಪ್ರಸಾರ ಮುಗಿದ ಮೇಲೆ ಬೇರೆಯವರು ಹೊಲಕ್ಕೆ ಹೋಗಿ ಬೇರೆಯಾಗಿ ಚಿತ್ರಿಸಲಿ. ಮೈಕಿನ ಮುಂದೆ ಕೂತವರ ಕಣ್ಣಿಗೆ ಪರದೆ ಬೀಳಬಾರದು. ಹಣದ ಮಾತು ಬಂದರೆ, ಈಗ ಸಮುದಾಯ ಬಾನುಲಿಗೆ ಗಂಟೆಗೆ 12 ನಿಮಿಷ ಜಾಹೀರಾತಿಗೆ ಅವಕಾಶವಿದೆ. ಅಂಗಡಿಯವರ ಹತ್ತಿರ ಹೋಗುವಾಗ ಫಾಲೋವರ್‌ಗಳ ಸಂಖ್ಯೆ ಒಯ್ಯಬೇಡಿ, ಆ ತಿಂಗಳು ಧ್ವನಿ ಸಂದೇಶ ಬಂದ ಊರುಗಳ ಪಟ್ಟಿ ಒಯ್ಯಿರಿ. ನಮ್ಮ ಗೊಬ್ಬರದ ಅಂಗಡಿಯವರು ಆ ಪಟ್ಟಿಯನ್ನು ಬೆರಳಿಟ್ಟು ಓದಿ, ಮುಂದಿನ ಹಂಗಾಮಿಗೆ ಜಾಹೀರಾತು ಮತ್ತೆ ಕೊಟ್ಟರು.