ಎದೆಬಡಿತದ ಲೆಕ್ಕಕ್ಕೆ ವಾಚ್ ಸಾಕೇ, ಪಟ್ಟಿ ಬೇಕೇ?

ಓಟ, ಸೈಕಲ್, ಜಿಮ್, ಈಜು ಎಂದು ಮೈ ದಣಿಸುವ ಓದುಗರು ಹಾರ್ಟ್ ರೇಟ್ ಮಾನಿಟರ್ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಪುಟ ಮೀಸಲು.

ಪ್ರಶ್ನೆ: ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಆರಕ್ಕೆ ಕಬ್ಬನ್ ಪಾರ್ಕಿನಲ್ಲಿ ಓಡುತ್ತೇನೆ, ಪಕ್ಕದವರ ಜೊತೆ ಮಾತಾಡಿಕೊಂಡೇ ಓಡುವಷ್ಟು ನಿಧಾನ. ಆದರೂ ಸ್ಮಾರ್ಟ್‌ವಾಚ್ ಮೊದಲ ಹತ್ತು ನಿಮಿಷ 170–172 ತೋರಿಸಿ, ಆಮೇಲೆ ಇದ್ದಕ್ಕಿದ್ದಂತೆ 135ಕ್ಕೆ ಇಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಂತೂ ದಿನವೂ ಇದೇ ಪಾಡು. ಕೆಟ್ಟಿರುವುದು ವಾಚೋ, ನನ್ನ ಹೃದಯವೋ?
— ಓದುಗ, ಬಸವನಗುಡಿ

ಉತ್ತರ: ಬಹುಮಟ್ಟಿಗೆ ಎರಡೂ ಅಲ್ಲ. ವಾಚ್ ನಿಮ್ಮ ಹೆಜ್ಜೆ ಎಣಿಸುತ್ತಿರಬೇಕು.

ವಾಚಿನ ಬೆನ್ನಲ್ಲಿರುವ ಹಸಿರು ಎಲ್‌ಇಡಿಗಳು ಚರ್ಮದೊಳಕ್ಕೆ ಬೆಳಕು ಬಿಡುತ್ತವೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಸಣ್ಣ ರಕ್ತನಾಳಗಳು ತುಂಬಿ ಇಳಿಯುವುದರಿಂದ ವಾಪಸ್ ಬರುವ ಬೆಳಕು ತುಸು ಏರಿಳಿಯುತ್ತದೆ. ಪಕ್ಕದ ಸೆನ್ಸರ್ ಹಿಡಿಯುವುದು ಆ ಏರಿಳಿತವನ್ನೇ. ಚಳಿಗೆ ಕೈಯ ರಕ್ತನಾಳಗಳು ಬಿಗಿದುಕೊಂಡರೆ ಅದಕ್ಕೆ ಸಿಗುವ ಸಿಗ್ನಲ್ ಕ್ಷೀಣ. ಕಾಲು ನೆಲಕ್ಕೆ ಬಿದ್ದಾಗಲೆಲ್ಲ ವಾಚ್ ಕುಲುಕುವುದು ಮಾತ್ರ ಜೋರು. ಓಟದಲ್ಲಿ ನಿಮಿಷಕ್ಕೆ 160ರಿಂದ 180 ಹೆಜ್ಜೆ ಸಾಮಾನ್ಯ, ಹುರುಪಿನಿಂದ ಓಡುವವರ ಹೃದಯವೂ ಅಷ್ಟೇ ಬಡಿಯುತ್ತದೆ. ಹಾಗಾಗಿ ವಾಚಿನ ಸಾಫ್ಟ್‌ವೇರ್ ಹೆಜ್ಜೆಯ ತಾಳವನ್ನೇ ನಾಡಿ ಎಂದುಕೊಂಡು ಅದಕ್ಕೆ ಅಂಟಿಕೊಳ್ಳುತ್ತದೆ. ಮೈ ಬಿಸಿಯಾಗಿ ಮಣಿಕಟ್ಟಿಗೆ ರಕ್ತ ಹರಿದ ಮೇಲೆ ಬಿಡಿಸಿಕೊಳ್ಳುತ್ತದೆ. ನೀವು ಹೇಳುವ 135 ಅದೇ.

ಖಚಿತ ಮಾಡಿಕೊಳ್ಳುವುದು ಸುಲಭ. 170 ತೋರಿಸುವಾಗ ಬಲಗಾಲು ಎಷ್ಟು ಸಲ ನೆಲಕ್ಕೆ ಬಿತ್ತೆಂದು 30 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಪರದೆಯ ಸಂಖ್ಯೆಗೆ ಎರಡು–ಮೂರರ ವ್ಯತ್ಯಾಸದಲ್ಲಿ ಬಂದರೆ ಗುಟ್ಟು ರಟ್ಟಾಯಿತು. ಕೂಡಲೇ ನಿಂತು ಕೊರಳ ಒಂದು ಬದಿಯ ನಾಡಿಯನ್ನು 15 ಸೆಕೆಂಡ್ ಎಣಿಸಿ, ಅದನ್ನೂ ನಾಲ್ಕರಿಂದ ಗುಣಿಸಿ. ಅಲ್ಲಿಯೂ 170 ಬಂದರೆ, ಅಥವಾ ಲಯ ತಪ್ಪಿ ತಪ್ಪಿ ಬಡಿದರೆ, ಮಾನಿಟರ್ ಅಂಗಡಿಗಲ್ಲ, ಹೃದಯತಜ್ಞರ ಬಳಿಗೆ ಹೋಗಿ.

ಹಣ ಖರ್ಚು ಮಾಡುವ ಮುಂಚೆ ಇಷ್ಟು ಮಾಡಿ ನೋಡಿ. ವಾಚನ್ನು ಮಣಿಕಟ್ಟಿನ ಗಂಟಿನ ಮೇಲೆ ಕಟ್ಟಬೇಡಿ, ಮೊಣಕೈ ಕಡೆಗೆ ಎರಡು ಬೆರಳಗಲ ಸರಿಸಿ. ಓಡುವಾಗ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ, ಓಟ ಮುಗಿದ ಮೇಲೆ ಸಡಿಲಿಸಿ. ಬೆನ್ನಿನ ಗಾಜಿಗೆ ಅಂಟಿದ ಸನ್‌ಸ್ಕ್ರೀನ್, ಬೆವರಿನ ಜಿಡ್ಡು ಒರೆಸಿ. ಮನೆಯಿಂದಲೇ ಪೂರ್ತಿ ತೋಳಿನ ಅಂಗಿ ತೊಟ್ಟು ಹೊರಟು, ಐದಾರು ನಿಮಿಷ ಬಿರುಸಾಗಿ ನಡೆದು ಆಮೇಲೆ ಓಟ ಶುರು ಮಾಡಿ. ಅದೇ ಜಾಗದಲ್ಲಿ ದಟ್ಟವಾದ ಹಚ್ಚೆ ಇದ್ದರೆ ಇನ್ನೊಂದು ಕೈಗೆ ಕಟ್ಟಿ. ಹಚ್ಚೆಯ ಬಣ್ಣ ಬೆಳಕನ್ನು ನುಂಗಿಬಿಡುತ್ತದೆ.

ನಿಮ್ಮಷ್ಟು ನಿಧಾನವಾಗಿ ಓಡುವವರಿಗೆ ಇಷ್ಟೇ ಸಾಕು, ಎದೆಪಟ್ಟಿ, ಅಂದರೆ ಎದೆಗೆ ಕಟ್ಟುವ ಮಾನಿಟರ್, ಬೇಕಿಲ್ಲ. ಒಂದು ನಿಮಿಷ ಜೋರು, ಒಂದು ನಿಮಿಷ ನಿಧಾನ ಎಂಬ ಇಂಟರ್ವಲ್ ಅಭ್ಯಾಸಕ್ಕೆ ಇಳಿದರೆ ಮಾತು ಬೇರೆ. ವಾಚ್ ಹಲವು ಸೆಕೆಂಡ್ ಹಿಂದುಳಿಯುತ್ತದೆ. ನಿಮ್ಮ ಜೋರು ಓಟ ಮುಗಿದ ಮೇಲೂ ಅದು ಇನ್ನೂ ಏರುತ್ತಲೇ ಇರಬಹುದು.

ಪ್ರಶ್ನೆ: ಭಾನುವಾರ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುತ್ತೇನೆ. ವಾಚ್ ಏರಿನಲ್ಲೂ 110 ಎನ್ನುತ್ತದೆ. ಎದೆಪಟ್ಟಿ ಕೊಳ್ಳುವಾಗ ಏನೇನು ನೋಡಬೇಕು? ತೋಳಿಗೆ ಕಟ್ಟುವುದೂ ಇದೆಯಂತಲ್ಲ?
— ಸಾಫ್ಟ್‌ವೇರ್ ಉದ್ಯೋಗಿ, ಹೆಬ್ಬಾಳ

ಉತ್ತರ: ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಹಿಂದಕ್ಕೆ ಬಾಗಿ ಸ್ನಾಯು ಬಿಗಿಯುತ್ತದೆ, ರಸ್ತೆಯ ಕಂಪನ ಬೇರೆ. ಸೈಕಲ್ಲಿಗೆ ಎದೆಪಟ್ಟಿಯೇ ವಾಸಿ. ಅದು ಬೆಳಕನ್ನು ನಂಬಿಲ್ಲ, ಇಸಿಜಿಯಂತೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ವೈರ್‌ಲೆಸ್ ಮಾನಿಟರನ್ನು ಮಾರುಕಟ್ಟೆಗೆ ತಂದಾಗಿನಿಂದ ಈ ತತ್ವ ಬದಲಾಗಿಲ್ಲ.

ಡಬ್ಬಿಯ ಮೇಲೆ ಬ್ಲೂಟೂತ್, ಆಂಟ್ ಪ್ಲಸ್ (ಬ್ಲೂಟೂತ್‌ನಂಥದೇ ಇನ್ನೊಂದು ವೈರ್‌ಲೆಸ್ ವ್ಯವಸ್ಥೆ) ಎರಡೂ ಇರಲಿ. ಫೋನಿಗೆ ಬ್ಲೂಟೂತ್ ಬೇಕು. ಸೈಕಲ್ ಕಂಪ್ಯೂಟರ್‌ಗಳು ಆಂಟ್ ಪ್ಲಸ್‌ನಲ್ಲಿ ನೆಮ್ಮದಿಯಾಗಿ ಕೆಲಸ ಮಾಡುತ್ತವೆ, ಎಷ್ಟು ಸಾಧನಗಳು ಬೇಕಾದರೂ ಏಕಕಾಲಕ್ಕೆ ಆ ಸಿಗ್ನಲ್ ಕೇಳಬಹುದು. ಬ್ಲೂಟೂತ್‌ನಲ್ಲಿ ಹಾಗಿಲ್ಲ, ಪಟ್ಟಿಯ ಹಲವು ಮಾದರಿಗಳು ಒಂದು ಸಲಕ್ಕೆ ಒಂದು ಸಾಧನಕ್ಕೆ ಮಾತ್ರ ಜೋಡಿಕೊಳ್ಳುತ್ತವೆ. ಎರಡನೆಯದಾಗಿ, ಸೆಲ್ ನಾವೇ ಬದಲಿಸುವಂತಿರಬೇಕು. ಗಾರ್ಮಿನ್ ಎಚ್‌ಆರ್‌ಎಂ ಡ್ಯುಯಲ್‌ಗೆ ಸಿಆರ್2032, ಪೋಲಾರ್ ಎಚ್10ಗೆ ಸಿಆರ್2025. ಎರಡೂ ಬೆಂಗಳೂರಿನ ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತವೆ. 2032 ದಪ್ಪ 3.2 ಮಿಲಿಮೀಟರ್, 2025 ಬರೀ 2.5, ದಪ್ಪದ್ದನ್ನು ತೆಳುವಿನ ಜಾಗಕ್ಕೆ ತುರುಕಿದರೆ ಮುಚ್ಚಳ ಸರಿಯಾಗಿ ಕೂರದೆ ಬೆವರು ಒಳಗಿಳಿಯುತ್ತದೆ. ಮೂರನೆಯದು ಪಟ್ಟಿಯ ಅಳತೆ. ಎದೆಯ ಕೆಳಭಾಗದ ಸುತ್ತಳತೆ ತೆಗೆದುಕೊಂಡೇ ಆರ್ಡರ್ ಮಾಡಿ. ಪಟ್ಟಿ ಮಾತ್ರ ಬಿಡಿಯಾಗಿ ಸಿಗುತ್ತದೆಯೇ ಎಂದೂ ವಿಚಾರಿಸಿ. ಮೊದಲು ಸವೆಯುವುದು ಪಟ್ಟಿ, ಗುಂಡಿಯಂತೆ ಅದಕ್ಕೆ ಸಿಕ್ಕಿಸುವ ಸೆನ್ಸರ್ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ತೋಳಿನದು ವಾಚಿನಂತೆಯೇ ಬೆಳಕಿನ ಸೆನ್ಸರ್, ಆದರೆ ಮುಂದೋಳಿನಲ್ಲಿ ಮಾಂಸ ಹೆಚ್ಚು, ಅಲುಗಾಟ ಕಡಿಮೆ. ಎದೆಗೆ ಬಿಗಿಯುವುದು ಹಿಂಸೆ ಎನ್ನುವವರಿಗೆ ಅದು ಒಳ್ಳೆಯ ಮಧ್ಯದಾರಿ. ಚಾರ್ಜ್ ಮಾಡುವುದನ್ನು ಮರೆಯಬಾರದು ಅಷ್ಟೆ.

ಪ್ರಶ್ನೆ: ಹೊಸ ಎದೆಪಟ್ಟಿ ಮನೆಯಿಂದ ಹೊರಟ ಕೂಡಲೇ 200 ದಾಟಿಸುತ್ತದೆ, ಬೆವರಿದ ಮೇಲೆ ಸರಿಹೋಗುತ್ತದೆ. ಸೆಲ್ ಕೂಡ ಎರಡೇ ತಿಂಗಳಿಗೆ ಮುಗಿಯಿತು. ಪಟ್ಟಿಯ ಕೆಳಗೆ ಚರ್ಮ ಕೆಂಪಾಗಿ ತುರಿಸುತ್ತದೆ.
— ಶಿಕ್ಷಕಿ, ಮಲ್ಲೇಶ್ವರ

ಉತ್ತರ: ನಿಮ್ಮ ಮೂರೂ ತೊಂದರೆಗಳಿಗೂ ನೀರಿಗೂ ನಂಟಿದೆ.

ಒಣ ಚರ್ಮ ವಿದ್ಯುತ್ ಸಂಕೇತವನ್ನು ಸರಿಯಾಗಿ ದಾಟಿಸುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ಗಾಳಿಯೂ ಒಣಗಿರುತ್ತದೆ. ಸಡಿಲವಾದ ಪಾಲಿಯೆಸ್ಟರ್ ಟೀ ಶರ್ಟ್ ಗಾಳಿಗೆ ಪಟಪಟ ಬಡಿದು ಸ್ಥಿರವಿದ್ಯುತ್ ಹುಟ್ಟಿಸಿದರೆ, ಸೆನ್ಸರ್ ಅದನ್ನೂ ಬಡಿತದ ಲೆಕ್ಕಕ್ಕೆ ಹಾಕುತ್ತದೆ. ಪಟ್ಟಿಯ ಒಳಮೈಯಲ್ಲಿ ಬೇರೆ ಬಣ್ಣದ ಎರಡು ತುಂಡುಗಳಿವೆಯಲ್ಲ, ಅವೇ ಎಲೆಕ್ಟ್ರೋಡ್. ನಲ್ಲಿಯ ಕೆಳಗೆ ಹಿಡಿದು ಅವನ್ನು ಚೆನ್ನಾಗಿ ನೆನೆಸಿ. ಬೆರಳಲ್ಲಿ ಒಂದು ಹನಿ ಸವರಿದರೆ ಸಾಲದು. ಇಸಿಜಿ ಜೆಲ್ ಇನ್ನೂ ಒಳ್ಳೆಯದು. ಎದೆಯ ಸ್ನಾಯು ಮುಗಿಯುವಲ್ಲಿ ಕಟ್ಟಿ; ಹೆಂಗಸರಿಗೆ ಸ್ಪೋರ್ಟ್ಸ್ ಬ್ರಾದ ಪಟ್ಟಿಗಿಂತ ಸ್ವಲ್ಪ ಕೆಳಗೆ. ಬಿಗಿ ಎಷ್ಟೆಂದರೆ, ದೀರ್ಘವಾಗಿ ಉಸಿರೆಳೆದರೆ ತಡೆಯಬಾರದು, ಹಾರಿದರೆ ಜಾರಬಾರದು. ಸೆನ್ಸರ್ ಮೇಲಿನ ಅಕ್ಷರ ಎದುರಿಗಿರುವವರಿಗೆ ನೆಟ್ಟಗೆ ಕಾಣಬೇಕು.

ಸೆಲ್ ಯಾಕೆ ಮುಗಿಯಿತು? ವ್ಯಾಯಾಮ ಆದ ಮೇಲೆ ಸೆನ್ಸರನ್ನು ಪಟ್ಟಿಯಲ್ಲೇ ಬಿಟ್ಟು ಮೊಳೆಗೆ ನೇತುಹಾಕುತ್ತಿರಬೇಕು. ಪಟ್ಟಿ ಒದ್ದೆ ಇರುವವರೆಗೂ ಎರಡು ಗುಂಡಿಗಳ ನಡುವೆ ಸಂಪರ್ಕ ಇರುವುದರಿಂದ, ಯಾರೋ ಕಟ್ಟಿಕೊಂಡಿದ್ದಾರೆ ಎಂದುಕೊಂಡು ಅದು ಎಚ್ಚರವಾಗಿಯೇ ಇರುತ್ತದೆ. ಮನೆಗೆ ಬಂದ ಕೂಡಲೇ ಸೆನ್ಸರ್ ಬಿಡಿಸಿ ಒರೆಸಿಡಿ.

ತುರಿಕೆಗೆ ಕಾರಣ ಬಹುಮಟ್ಟಿಗೆ ಒಣಗಿದ ಬೆವರಿನ ಉಪ್ಪು. ಪ್ರತಿ ಸಲವೂ ಪಟ್ಟಿಯನ್ನು ನೀರಲ್ಲಿ ಜಾಲಾಡಿ, ವಾರಕ್ಕೊಮ್ಮೆ ಸೌಮ್ಯವಾದ ಸೋಪಿನಲ್ಲಿ ಉಗುರುಬೆಚ್ಚಗೆ ತೊಳೆಯಿರಿ. ಬ್ಲೀಚ್ ಬೇಡ, ಫ್ಯಾಬ್ರಿಕ್ ಸಾಫ್ಟ್‌ನರ್ ಅಂತೂ ಬೇಡವೇ ಬೇಡ, ಅದು ಎಲೆಕ್ಟ್ರೋಡ್ ಮೇಲೆ ಪದರ ಕಟ್ಟುತ್ತದೆ. ಹಿಂಡದೆ ನೆರಳಲ್ಲಿ ಹರವಿ. ಇಷ್ಟಾದರೂ ಕೆಂಪಾದರೆ ವಸ್ತುವೇ ನಿಮಗೆ ಒಗ್ಗುತ್ತಿಲ್ಲ; ಬಳಕೆ ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಿ.

ಪ್ರಶ್ನೆ: ವಯಸ್ಸು 58. ಬಿ.ಪಿ.ಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತೇನೆ. ಲಾಲ್‌ಬಾಗ್‌ನಲ್ಲಿ ಬಿರುಸಾಗಿ ನಡೆದರೂ 105 ದಾಟುವುದಿಲ್ಲ. 220ರಲ್ಲಿ ವಯಸ್ಸು ಕಳೆದು ಅದರ 70 ಪರ್ಸೆಂಟ್ ಮುಟ್ಟಬೇಕು ಎಂದು ಜಿಮ್ಮಿನ ಹುಡುಗ ಒತ್ತಾಯಿಸುತ್ತಾನೆ.
— ಹೆಸರು ಬೇಡ, ಜಯನಗರ

ಉತ್ತರ: ದಯವಿಟ್ಟು ಮುಟ್ಟಲು ಹೋಗಬೇಡಿ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳ ಕೆಲಸಗಳಲ್ಲಿ ಒಂದು ಹೃದಯದ ವೇಗ ತಗ್ಗಿಸುವುದು. 220ರಲ್ಲಿ ವಯಸ್ಸು ಕಳೆಯುವ ಸೂತ್ರಕ್ಕೆ ನಿಮ್ಮ ಮಾತ್ರೆಯ ವಿಷಯ ಗೊತ್ತಿಲ್ಲ.

ಮಾತ್ರೆ ಇಲ್ಲದವರಿಗೂ ಅದು ಒರಟು ಅಂದಾಜು. 58ಕ್ಕೆ ಅದು 162 ಎನ್ನುತ್ತದೆ. 2001ರಲ್ಲಿ ಪ್ರಕಟವಾದ ತನಾಕಾ ಸೂತ್ರದಂತೆ, ಅಂದರೆ ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆದರೆ, ಸುಮಾರು 167. ಇದ್ದುದರಲ್ಲಿ ಎರಡನೆಯದು ವಾಸಿ, ಆದರೂ ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು.

ನೀವು ಮಾತಿನ ಪರೀಕ್ಷೆ ಮಾಡಿಕೊಳ್ಳಿ. ನಡೆಯುತ್ತ ಪೂರ್ತಿ ವಾಕ್ಯ ಹೇಳಲು ಆಗಬೇಕು, ಹಾಡಲು ಆಗಬಾರದು. ಆ ಮಟ್ಟ ಸಾಕು. ಸಂಖ್ಯೆ ಬೇಕೇಬೇಕು ಎಂದರೆ, ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಮಾಡಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ, ಅವರು ಹೇಳಿದ ಮಿತಿಯನ್ನೇ ವಾಚಿನಲ್ಲಿ ಕೈಯಾರೆ ತುಂಬಿ. ನಡಿಗೆಯಲ್ಲಿ ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ, ಪರದೆ ಏನೇ ತೋರಿಸಲಿ, ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇದೆ. ಟ್ರೆಡ್‌ಮಿಲ್ ಮೇಲೆ ಅದೇ ಸಾಲದೆ?
— ಗೃಹಿಣಿ, ರಾಜಾಜಿನಗರ

ಉತ್ತರ: ಸಾಲದು. ಕುಳಿತಾಗ ಚೆನ್ನಾಗಿಯೇ ತೋರಿಸುತ್ತದೆ, ಬೆರಳು ಅಲುಗಿದರೆ ಲೆಕ್ಕ ತಪ್ಪುತ್ತದೆ. ಹಾಸಿಗೆಯಿಂದ ಏಳುವ ಮುಂಚಿನ ಬಡಿತ ಬರೆದಿಡಲು ಉಪಯೋಗಿಸಿ.

ಪ್ರಶ್ನೆ: ಈಜುಕೊಳದಲ್ಲಿ ಎದೆಪಟ್ಟಿಯ ಸಂಖ್ಯೆ ವಾಚಿಗೆ ಬರುವುದೇ ಇಲ್ಲ. ನೀರು ಹೊಕ್ಕಿರಬಹುದೇ?
— ಕಾಲೇಜು ವಿದ್ಯಾರ್ಥಿ, ವಿಜಯನಗರ

ಉತ್ತರ: ಇರಲಾರದು. ಬ್ಲೂಟೂತ್, ಆಂಟ್ ಪ್ಲಸ್ ಎರಡೂ 2.4 ಗಿಗಾಹರ್ಟ್ಸ್, ನೀರು ಆ ಅಲೆಗಳನ್ನು ನುಂಗುತ್ತದೆ. ದಂಡೆಗೆ ಬಂದು ನೀರಿನಿಂದ ಮೇಲೆದ್ದು ನಿಂತರೆ ಬರುತ್ತದೆ. ಈಜಿಗೆಂದೇ ಕೊಳ್ಳುವುದಾದರೆ, ಅಳತೆಯನ್ನು ತನ್ನೊಳಗೇ ಉಳಿಸಿಕೊಂಡು ಆಮೇಲೆ ಕಳಿಸುವ ಮೆಮೊರಿ ಇರುವ ಮಾದರಿ ನೋಡಿ.

ಪ್ರಶ್ನೆ: ಎದೆಪಟ್ಟಿ ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಕಾಣುತ್ತದೆ, ಆದರೆ ವ್ಯಾಯಾಮದ ಆ್ಯಪ್‌ನಲ್ಲಿ ಸಿಗುವುದಿಲ್ಲ. ಬದಲಾಯಿಸಿಕೊಡಿ ಎಂದು ಕೇಳಲೇ?
— ಓದುಗ, ಯಲಹಂಕ

ಉತ್ತರ: ಈಗಲೇ ಬೇಡ. ಹೆಡ್‌ಫೋನ್ ಜೋಡಿಸುವಂತೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜೋಡಿಸಿದರೆ ಆ್ಯಪ್‌ಗೆ ಅದು ಸಿಗದೆ ಹೋಗಬಹುದು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಅಳಿಸಿ, ಪಟ್ಟಿ ನೆನೆಸಿ ಎದೆಗೆ ಕಟ್ಟಿ, ಆ್ಯಪ್ ಒಳಗಿನಿಂದಲೇ ಹುಡುಕಿ. ಒಣ ಪಟ್ಟಿ ಮೇಜಿನ ಮೇಲೆ ಮಲಗಿದ್ದರೆ ಸೆನ್ಸರ್ ನಿದ್ರೆಯಲ್ಲಿರುತ್ತದೆ, ಸಿಗುವುದಿಲ್ಲ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಲೊಕೇಶನ್ ಆಫ್ ಇದ್ದರೂ ಹುಡುಕಾಟ ನಡೆಯುವುದಿಲ್ಲ. ಕೈಯಲ್ಲಿರುವ ವಾಚೋ ಇನ್ನೊಂದು ಆ್ಯಪ್ಪೋ ಆಗಲೇ ಅದನ್ನು ಹಿಡಿದುಕೊಂಡಿದೆಯೇ ನೋಡಿ. ಕೊನೆಗೆ ಸೆಲ್ ತೆಗೆದು ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಅದಕ್ಕೂ ಜಗ್ಗದಿದ್ದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ.