ಓದುಗರ ಪ್ರಶ್ನೆ: ದಯಾಮರಣ, ಲಿವಿಂಗ್ ವಿಲ್, ವೆಂಟಿಲೇಟರ್

ಪ್ರಶ್ನೆ: ಕರ್ನಾಟಕದಲ್ಲಿ ದಯಾಮರಣಕ್ಕೆ ಅನುಮತಿ ಸಿಕ್ಕಿದೆ ಎಂದು ಪತ್ರಿಕೆಯಲ್ಲಿ ಓದಿದೆ. ನಮ್ಮ ತಂದೆಗೆ ಕ್ಯಾನ್ಸರ್ ಕೊನೆಯ ಹಂತದಲ್ಲಿದೆ. ‘ಒಂದು ಇಂಜೆಕ್ಷನ್ ಕೊಡಿಸಿಬಿಡು’ ಅನ್ನುತ್ತಾರೆ. ಡಾಕ್ಟರನ್ನು ಕೇಳಬಹುದೇ?

ಉತ್ತರ: ಕೇಳಿದರೂ ಅವರು ಕೊಡುವಂತಿಲ್ಲ. ದಾರಿ ತಪ್ಪಿಸಿದ್ದು ಸುದ್ದಿಯ ತಲೆಬರಹ. 2025ರ ಜನವರಿ 30ರಂದು ರಾಜ್ಯದ ಆರೋಗ್ಯ ಇಲಾಖೆ ಹೊರಡಿಸಿದ ಆದೇಶ, ಸುಪ್ರೀಂ ಕೋರ್ಟ್ ಮೊದಲೇ ಹಾಕಿಕೊಟ್ಟಿದ್ದ ವಿಧಾನವನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವುದಕ್ಕೆ ಸಂಬಂಧಿಸಿದ್ದು. ಗುಣವಾಗುವ ಆಸೆಯಿಲ್ಲದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆ ಶುರು ಮಾಡದಿರುವುದು, ಶುರುವಾಗಿದ್ದರೆ ನಿಲ್ಲಿಸುವುದು, ಅಷ್ಟಕ್ಕೇ ಅದರ ವ್ಯಾಪ್ತಿ. ಸಾಯಲೆಂದೇ ಇಂಜೆಕ್ಷನ್ ಕೊಟ್ಟರೆ, ರೋಗಿಯೇ ಕೇಳಿದ್ದರೂ, ಅದು ಇಲ್ಲಿ ಶಿಕ್ಷಾರ್ಹ ನರಹತ್ಯೆ. ಮದ್ದು ತಂದುಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಂ ಪ್ರಕಾರ ಆತ್ಮಹತ್ಯೆಗೆ ನೆರವು. 10 ವರ್ಷದವರೆಗೆ ಜೈಲು. ನೆದರ್ಲೆಂಡ್ಸ್ 2002ರಿಂದ, ಕೆನಡಾ 2016ರಿಂದ ಇಂಥ ಸಾವಿಗೆ ವೈದ್ಯರು ನೆರವಾಗಲು ಷರತ್ತಿನ ಮೇಲೆ ಒಪ್ಪಿವೆ. ನಮ್ಮ ಕಾನೂನು ಆ ಕಡೆ ಹೆಜ್ಜೆ ಇಟ್ಟಿಲ್ಲ.

ಆದರೆ ನಿಮ್ಮ ತಂದೆ ಹಾಗೆ ಕೇಳುತ್ತಿರುವುದು ಏಕೆಂದು ಮೊದಲು ನೋಡಿ. ಬಹಳ ಸಲ ಆ ಮಾತಿನ ಹಿಂದೆ ಇರುವುದು ತಡೆಯಲಾಗದ ನೋವು. ಪ್ಯಾಲಿಯೇಟಿವ್ ಕೇರ್ (ನೋವು, ಯಾತನೆ ಶಮನ ಮಾಡುವ ಆರೈಕೆ) ವೈದ್ಯರಿಗೆ ತೋರಿಸಿದ್ದೀರಾ? ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಕೊಡುತ್ತಾರೆ. ಸಾಮಾನ್ಯ ಮಾತ್ರೆಯ ಪರಿಣಾಮ ನಾಲ್ಕು ಗಂಟೆಯಷ್ಟೇ ಇರುವುದರಿಂದ ಗಡಿಯಾರ ನೋಡಿಕೊಂಡು ಕೊಡಬೇಕು. ನೋವು ಬಂದಮೇಲೆ ಕೊಟ್ಟರಾಯಿತು ಎಂದು ಕಾದರೆ ಪ್ರತಿ ಸಲವೂ ನೋವಿನ ಹಿಂದೆ ಓಡಿದಂತಾಗುತ್ತದೆ. ಜೊತೆಯಲ್ಲಿ ಮಲಬದ್ಧತೆಗೆ ಔಷಧಿ ಬೇಕೇ ಬೇಕು. ಅದನ್ನು ಮರೆತು, ಹೊಟ್ಟೆ ಕಟ್ಟಿಕೊಂಡು, ಮಾರ್ಫಿನ್ನೇ ಬೇಡವೆಂದು ಬಿಟ್ಟವರಿದ್ದಾರೆ. ನೋವಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದರೆ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ.

ಪ್ರಶ್ನೆ: ಲಿವಿಂಗ್ ವಿಲ್ ಬರೆಯುವುದು ಹೇಗೆ? ಛಾಪಾ ಕಾಗದ ಬೇಕೇ, ನೋಂದಣಿ ಮಾಡಿಸಬೇಕೇ?

ಉತ್ತರ: ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರವೇ ಲಿವಿಂಗ್ ವಿಲ್. ಅದಕ್ಕಾಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯಬೇಕಾಗಿಲ್ಲ. 2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪತ್ರಕ್ಕೆ ಮಾನ್ಯತೆ ಕೊಟ್ಟಾಗ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಧೀಶರ ಮೇಲುಸಹಿ ಬೇಕಿತ್ತು. ಅದು ಎಷ್ಟು ತೊಡಕಾಯಿತೆಂದರೆ 2023ರ ಜನವರಿಯಲ್ಲಿ ನಿಯಮವನ್ನೇ ಸಡಿಲಿಸಬೇಕಾಯಿತು. ಈಗ 18 ತುಂಬಿದ, ಸ್ವಸ್ಥ ಬುದ್ಧಿಯ ಯಾರೇ ಆಗಲಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಸಾಕ್ಷಿಗಳು ಹೊರಗಿನವರಾದರೆ ಮೇಲು. ನಿಮ್ಮ ಆಸ್ತಿಗೆ ಬಾಧ್ಯಸ್ಥರಾದವರನ್ನೇ ಸಾಕ್ಷಿ ಹಾಕಿಸಿ ಮುಂದೆ ಅನುಮಾನಕ್ಕೆ ಎಡೆ ಮಾಡಬೇಡಿ.

ಪತ್ರ ಕೆಡುವುದು ಹೆಚ್ಚಾಗಿ ಒಕ್ಕಣೆಯಲ್ಲಿ. ‘ನನಗೆ ಯಾವ ಯಂತ್ರವೂ ಬೇಡ’ ಎಂದು ಬರೆದರೆ ಐಸಿಯು ವೈದ್ಯರಿಗೆ ಏನೂ ತಿಳಿಯುವುದಿಲ್ಲ. ನ್ಯುಮೋನಿಯಾಕ್ಕೆ ನಾಲ್ಕು ದಿನ ವೆಂಟಿಲೇಟರ್ ಹಾಕಿದರೆ ಎದ್ದು ಮನೆಗೆ ಹೋಗಬಲ್ಲ ರೋಗಿಗೂ ಅದು ಬೇಡವೇ? ಆದ್ದರಿಂದ ಎರಡು ಭಾಗ ಮಾಡಿ. ಯಾವ ಸ್ಥಿತಿಯಲ್ಲಿ: ಗುಣವಾಗದ ಕಾಯಿಲೆಯ ಕೊನೆಯ ಹಂತ, ಪ್ರಜ್ಞೆ ಮರಳುವ ಆಸೆಯಿಲ್ಲದ ಮಿದುಳಿನ ಹಾನಿ. ಏನು ಬೇಡ: ಎದೆ ಒತ್ತಿ ಹೃದಯ ನಡೆಸುವುದು, ವೆಂಟಿಲೇಟರ್, ಡಯಾಲಿಸಿಸ್, ರಕ್ತದೊತ್ತಡ ಹಿಡಿದಿಡುವ ಔಷಧಿ, ಆಹಾರ ಕೊಡುವ ಮೂಗಿನ ನಳಿಕೆ. ಒಂದೊಂದನ್ನೂ ಹೆಸರು ಹಿಡಿದು ಬರೆಯಿರಿ. ನೋವು, ಉಬ್ಬಸ ಶಮನ ಮಾಡುವ ಚಿಕಿತ್ಸೆ ಬೇಕೇ ಬೇಕು ಎಂಬ ಸಾಲನ್ನು ಮರೆಯಬೇಡಿ.

ನಿಮಗೆ ಮಾತಾಡಲು ಆಗದಿದ್ದಾಗ ನಿಮ್ಮ ಪರವಾಗಿ ಒಪ್ಪಿಗೆ ಕೊಡುವವರ ಹೆಸರು ಪತ್ರದಲ್ಲಿರಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ಹಿರಿಯ ಮಗ ಎಂಬ ಕಾರಣಕ್ಕೆ ಆರಿಸಬೇಡಿ. ಐಸಿಯು ಬಾಗಿಲಲ್ಲಿ ಹತ್ತು ಜನ ನೆಂಟರ ಎದುರು ‘ಅಮ್ಮ ಬೇಡ ಅಂದಿದ್ದಾಳೆ’ ಎಂದು ಗಟ್ಟಿಯಾಗಿ ಹೇಳಬಲ್ಲವರು ಯಾರೋ ಅವರನ್ನು ಆರಿಸಿ. ಪ್ರತಿಯನ್ನು ಅವರಿಗೂ ಮನೆ ವೈದ್ಯರಿಗೂ ಕೊಡಿ. ಪಂಚಾಯಿತಿ ಅಥವಾ ನಗರಸಭೆಯ ನಿಯೋಜಿತ ಅಧಿಕಾರಿಗೂ ಒಂದು ಪ್ರತಿ ತಲುಪಬೇಕು. ಬೀರುವಿನ ಲಾಕರಿನಲ್ಲಿಟ್ಟ ಪತ್ರ ರಾತ್ರಿ ಎರಡು ಗಂಟೆಗೆ ಕೈಗೆ ಸಿಗುವುದಿಲ್ಲ.

ಇನ್ನೊಂದು ಗೊಂದಲ: ಲಿವಿಂಗ್ ವಿಲ್ಲನ್ನು ‘ಅಡ್ವಾನ್ಸ್ ಡೈರೆಕ್ಟಿವ್’ ಎಂದೂ ಕರೆಯುತ್ತಾರೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ‘ಅಡ್ವಾನ್ಸ್ ಡೈರೆಕ್ಟಿವ್’ ಇದೆ. ಅದು ಮನೋರೋಗದ ಚಿಕಿತ್ಸೆಗೆ ಸಂಬಂಧಿಸಿದ್ದು. ಆ ನಮೂನೆಯನ್ನು ತುಂಬಿ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ.

ಪ್ರಶ್ನೆ: ಅಮ್ಮ ಇಪ್ಪತ್ತು ದಿನದಿಂದ ವೆಂಟಿಲೇಟರಿನಲ್ಲಿದ್ದಾರೆ. ಅವರು ಏನನ್ನೂ ಬರೆದಿಟ್ಟಿಲ್ಲ. ಆಸೆಯಿಲ್ಲ ಅನ್ನುತ್ತಾರೆ, ಆದರೆ ನಿಲ್ಲಿಸುವುದೂ ಇಲ್ಲ. ಸಹಿ ಮಾಡಿ ಮನೆಗೆ ಕರೆದೊಯ್ಯಬಹುದೇ?

ಉತ್ತರ: ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂದು ಸಹಿ ಹಾಕಿ ಕರೆದೊಯ್ಯುವುದು ನಮ್ಮಲ್ಲಿ ಎಲ್ಲರೂ ಹಿಡಿಯುವ ಅಡ್ಡದಾರಿ. ಕೊಳವೆ ತೆಗೆದ ಮೇಲೆ ಉಸಿರಿಗೆ ಒದ್ದಾಡುವ ರೋಗಿಗೆ ಮನೆಯಲ್ಲಿ ಒಂದು ಹನಿ ಔಷಧಿಯೂ ಇರುವುದಿಲ್ಲ. ಆಸ್ಪತ್ರೆಯಲ್ಲಾದರೆ ಮೊದಲೇ ಮಾರ್ಫಿನ್, ನಿದ್ರೆ ಬರಿಸುವ ಔಷಧಿ ಕೊಟ್ಟು ಆಮೇಲೆ ತೆಗೆಯಬಹುದು.

ಪತ್ರವಿಲ್ಲದಿದ್ದರೂ ದಾರಿ ಇದೆ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ರಚಿಸಿ ಎಂದು ಆಸ್ಪತ್ರೆಗೆ ಲಿಖಿತವಾಗಿ ಕೇಳಿ. ಹತ್ತಿರದ ಬಂಧುಗಳು ಬರವಣಿಗೆಯಲ್ಲಿ ಒಪ್ಪಿಗೆ ಕೊಡಬೇಕು. ಮಂಡಳಿ ಸರಿ ಎಂದರೆ ಎರಡನೇ ಮಂಡಳಿ ಅದನ್ನು ಪರಿಶೀಲಿಸುತ್ತದೆ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರಿರುತ್ತಾರೆ, ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರಿರುತ್ತಾರೆ. ಎರಡೂ ಮಂಡಳಿ ಆದಷ್ಟೂ 48 ಗಂಟೆಯೊಳಗೆ ಹೇಳಬೇಕು. ನಿಲ್ಲಿಸುವ ಮೊದಲು ಆಸ್ಪತ್ರೆ ಜೆಎಂಎಫ್‌ಸಿ ನ್ಯಾಯಾಧೀಶರಿಗೆ ತಿಳಿಸುತ್ತದೆ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಮಕ್ಕಳಲ್ಲಿ ಒಬ್ಬರು ತಕರಾರು ತೆಗೆದರೂ ಆಸ್ಪತ್ರೆ ಸಾಮಾನ್ಯವಾಗಿ ಕೈಚೆಲ್ಲಿ ಕೂರುತ್ತದೆ. ಮೊದಲು ಮನೆಯವರೆಲ್ಲ ಒಟ್ಟಿಗೆ ವೈದ್ಯರ ಎದುರು ಕುಳಿತು ಕೇಳಿ.

ಪ್ರಶ್ನೆ: ಸಲ್ಲೇಖನಕ್ಕೆ ಇಲ್ಲದ ಅಡ್ಡಿ ಉಳಿದವರಿಗೇಕೆ?

ಉತ್ತರ: ಸಲ್ಲೇಖನ ಎಂದರೆ ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನರ ವ್ರತ. ಅದಕ್ಕೂ ಅಡ್ಡಿ ಬಂದಿತ್ತು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಎಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಷ್ಟು ಹಳೆಯ ವ್ರತ ಅದು. ಗುರುವಿನ ಅಪ್ಪಣೆ, ಹಂತ ಹಂತವಾಗಿ ಆಹಾರ ಬಿಡುವ ಕ್ರಮ ಎಲ್ಲವೂ ಇವೆ. ಅದನ್ನು ಧರ್ಮದ ಆಚರಣೆಯಾಗಿ ನೋಡಬೇಕೇ ಎಂಬುದು ಅಲ್ಲಿನ ವಾದ. ಇಂಜೆಕ್ಷನ್ ಕೇಳುವವರಿಗೆ ಅದರಿಂದ ಆಧಾರ ಸಿಗದು.

ಪ್ರಶ್ನೆ: ನನಗೆ 78. ದೊಡ್ಡ ಕಾಯಿಲೆಯಿಲ್ಲ. ಬದುಕು ಸಾಕೆನಿಸಿದೆ. ನನ್ನ ಜೀವ ನನ್ನದು ತಾನೇ?

ಉತ್ತರ: ನಿಮ್ಮ ಜೀವ ನಿಮ್ಮದೇ. ಆದರೆ ಬದುಕುವ ಹಕ್ಕಿನೊಳಗೆ ಸಾಯುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟಿನ 1996ರ ಗ್ಯಾನ್ ಕೌರ್ ತೀರ್ಪು ಹೇಳಿದೆ. 2018ರ ತೀರ್ಪು ಘನತೆಯಿಂದ ಸಾಯುವುದನ್ನು ಸೇರಿಸಿದ್ದು ಗುಣವಾಗದ ರೋಗಿಯ ಮಟ್ಟಿಗೆ. ಈ ಗೆರೆ ಅಷ್ಟು ನೇರವಾಗಿಲ್ಲ ಎಂಬ ಟೀಕೆಯನ್ನು ನಾವು ತಳ್ಳಿಹಾಕುವುದಿಲ್ಲ: ಸ್ವಿಚ್ಚು ಆರಿಸುವುದೂ ಕೈಯಿಂದ ಮಾಡುವ ಕೆಲಸವೇ. ಯಾವ ಔಷಧಿಗೂ ಬಗ್ಗದ ಯಾತನೆಯೂ ಉಂಟು. ಆದರೂ ‘ಮಕ್ಕಳಿಗೆ ಹೊರೆಯಾದೆ’ ಎಂಬ ಮಾತೇ ವೃದ್ಧರ ಬಾಯಲ್ಲಿ ಮತ್ತೆ ಮತ್ತೆ ಬರುವ ಕಡೆ, ನೋವಿನ ಔಷಧಿ ಎಲ್ಲರ ಕೈಗೆಟುಕದ ಕಡೆ, ಆಯ್ಕೆ ಎಂದುಕೊಂಡಿದ್ದು ಒತ್ತಾಯವೂ ಆಗಿರಬಹುದು. ಆ ಭಯ ನಮಗೆ ಹೆಚ್ಚು ತೂಕದ್ದೆನಿಸುತ್ತದೆ.

ನಿದ್ದೆ, ಹಸಿವು ಕಡಿಮೆಯಾಗಿದೆಯೇ? ಮಾತಾಡಲು ಯಾರೂ ಬೇಡ ಅನಿಸುತ್ತದೆಯೇ? ವಯಸ್ಸಾದವರಲ್ಲಿ ಖಿನ್ನತೆ ‘ಸಾಕಾಯಿತು’ ಎಂಬ ಮಾತಾಗಿಯೇ ಬರುವುದುಂಟು, ಅದಕ್ಕೆ ಚಿಕಿತ್ಸೆಯಿದೆ. ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆಯವರಲ್ಲಿ ಒಬ್ಬರಿಗಾದರೂ ನಮಗೆ ಬರೆದದ್ದನ್ನೇ ಹೇಳಿ.

ಪ್ರಶ್ನೆ: ಲಿವಿಂಗ್ ವಿಲ್ ಬರೆದ ಮೇಲೆ ಮನಸ್ಸು ಬದಲಾದರೆ?

ಉತ್ತರ: ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದು ಮಾಡಬಹುದು, ಹೊಸದು ಬರೆಯಬಹುದು. ಎರಡಿದ್ದರೆ ಕೊನೆಯದಕ್ಕೆ ಬೆಲೆ. ಹಳೆಯ ಪ್ರತಿಗಳನ್ನು ಕೊಟ್ಟವರಿಂದ ವಾಪಸು ಪಡೆದು ಹರಿದುಹಾಕಿ. ನಿಮಗೆ ಎಚ್ಚರವಿದ್ದು, ಮಾತಾಡಲು ಆಗುವಷ್ಟು ಕಾಲ ವೈದ್ಯರು ಕೇಳಬೇಕಾದ್ದು ನಿಮ್ಮನ್ನೇ. ಅಲ್ಲಿಯವರೆಗೆ ಆ ಪತ್ರಕ್ಕೆ ಕೆಲಸವಿಲ್ಲ.