‘ಅಪೆಂಡಿಕ್ಸ್ ಆಗಿದೆ’ ಎಂದು ಬರೆಯಬೇಡಿ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ನಮಸ್ಕಾರ.

ನೀವು ಕಳಿಸಿದ ‘ಅಪೆಂಡಿಸೈಟಿಸ್: ಭಯ ಬೇಡ’ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಹಾಕಲಾಗದು. ವಿಷಯ ಬೇಕಾದದ್ದೇ, ನಿಮ್ಮ ಭಾಷೆಯೂ ಸಲೀಸಾಗಿದೆ. ಆದರೆ ಎರಡು ಕಡೆ ಓದುಗರ ಜೀವಕ್ಕೇ ಕುತ್ತು ತರುವ ಮಾತಿದೆ. ಮೊದಲು ಅದನ್ನೇ ನೋಡೋಣ.

ಎರಡನೇ ಪುಟದಲ್ಲಿ ‘ಹರಳೆಣ್ಣೆ ಕುಡಿದು ಹೊಟ್ಟೆ ಖಾಲಿ ಮಾಡಿಕೊಂಡು ನೋಡಬಹುದು’ ಎಂದಿದ್ದೀರಿ. ತೆಗೆದುಬಿಡಿ. ಅಪೆಂಡಿಕ್ಸ್ ಅಂದರೆ ದೊಡ್ಡ ಕರುಳಿನ ಆರಂಭಕ್ಕೆ ಅಂಟಿದ ಸಣ್ಣ ಕೊಳವೆ; ಅದು ಬಾಯಿ ಕಟ್ಟಿ, ಬಿರಿಯುವ ಹಾಗೆ ಉಬ್ಬಿ ಪಕ್ಕದಲ್ಲಿರುವಾಗ ಕರುಳನ್ನು ಜೋರಾಗಿ ಹಿಂಡಿಸುವ ಕೆಲಸ ಅದು. ನಾಲ್ಕನೇ ಪುಟದ ‘ನೋವು ತಾನಾಗಿ ಇಳಿದರೆ ಗಾಬರಿ ಬೇಡ’ ಇನ್ನೂ ಕೆಟ್ಟದ್ದು. ಅಪೆಂಡಿಕ್ಸ್ ಒಡೆದಾಗ ಒಳಗಿನ ಒತ್ತಡ ಇಳಿದು ಕೆಲವರಿಗೆ ನೋವು ದಿಢೀರನೆ ಕಡಿಮೆಯಾಗುತ್ತದೆ. ರೋಗಿ ಎದ್ದು ಕೂರುತ್ತಾನೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಕೀವು ಹರಡಿ ಹೊಟ್ಟೆಯಿಡೀ ಹಲಗೆಯಂತೆ ಬಿಗಿಯುತ್ತದೆ, ಜ್ವರ ಏರುತ್ತದೆ, ನಾಡಿ ಓಡುತ್ತದೆ. ಈ ನಡುವಿನ ಸುಳ್ಳು ನೆಮ್ಮದಿಗೆ ಒಂದು ಪ್ಯಾರಾ ಕೊಡಿ.

ಬರವಣಿಗೆಯ ದೊಡ್ಡ ದೋಷ ಬೇರೆ ಇದೆ. ‘ಬಲಗಡೆ ಹೊಟ್ಟೆನೋವು, ವಾಂತಿ, ಜ್ವರ, ಹಸಿವಾಗದಿರುವುದು’ ಎಂದು ಪಟ್ಟಿ ಕೊಟ್ಟಿದ್ದೀರಿ. ಒಂದೂ ಸುಳ್ಳಲ್ಲ. ಆದರೆ ಮೂತ್ರನಾಳದ ಕಲ್ಲಿನವರಿಗೂ ಹಳಸಿದ್ದು ತಿಂದವರಿಗೂ ಈ ಪಟ್ಟಿ ಹೆಚ್ಚುಕಡಿಮೆ ಒಪ್ಪುತ್ತದೆ. ಈ ಕಾಯಿಲೆಯ ಗುರುತು ಇರುವುದು ಲಕ್ಷಣಗಳು ಬರುವ ಸರದಿಯಲ್ಲಿ. ಹೀಗೆ ಬರೆದು ನೋಡಿ:

‘ರಾತ್ರಿ ಊಟದ ಹೊತ್ತಿಗೆ ಹೊಕ್ಕುಳ ಸುತ್ತ ಮಂದ ನೋವು. ಎಲ್ಲಿ ಅಂದರೆ ಬೆರಳಿಟ್ಟು ತೋರಿಸಲಾಗದು, ಅಂಗೈ ಆಡಿಸಿ ಇಲ್ಲೆಲ್ಲ ಅನ್ನುತ್ತಾರೆ. ತಟ್ಟೆ ಕಂಡರೆ ಬೇಡ ಅನಿಸುತ್ತದೆ. ಆಮೇಲೆ ಒಂದೆರಡು ಸಲ ವಾಂತಿ. ಬೆಳಗಿನ ಜಾವಕ್ಕೆ ನೋವು ಬಲಗಡೆ ಕಿಬ್ಬೊಟ್ಟೆಗೆ ಇಳಿದಿರುತ್ತದೆ, ಈಗ ಒಂದೇ ಬೆರಳು ಸಾಕು. ಕೆಮ್ಮಿದರೆ, ಆಟೋ ಹಂಪ್ ಹತ್ತಿಳಿದರೆ ಚುಚ್ಚುತ್ತದೆ.’

ನೋವು ಹೀಗೆ ಜಾಗ ಬದಲಿಸುವುದೇಕೆ ಎಂಬುದನ್ನೂ ಹೇಳಿ. ಅಪೆಂಡಿಕ್ಸಿನ ನರಗಳೂ ಹೊಕ್ಕುಳ ಸುತ್ತಲಿನ ಚರ್ಮದ ನರಗಳೂ ಬೆನ್ನುಹುರಿಯನ್ನು ಒಂದೇ ಮಟ್ಟದಲ್ಲಿ ಸೇರುತ್ತವೆ. ಹಾಗಾಗಿ ಮೊದಲು ಮೆದುಳಿಗೆ ಜಾಗ ತಪ್ಪುತ್ತದೆ. ಊತ ಹೊಟ್ಟೆಗೋಡೆಯ ಒಳಪೊರೆಯನ್ನು ಮುಟ್ಟಿದ ಮೇಲೆ ವಿಳಾಸ ಸರಿಯಾಗಿ ಸಿಗುತ್ತದೆ. ವಾಂತಿಯೇ ಮೊದಲು ಬಂದು ನೋವು ಆಮೇಲೆ ಬಂದಿದ್ದರೆ ವೈದ್ಯರು ಬೇರೆ ಕಾರಣವನ್ನೂ ಹುಡುಕುತ್ತಾರೆ.

ಸೀಬೆ ಬೀಜದ ಕಥೆ ಬಿಡಿ. ಬೀಜ ಸಿಕ್ಕಿಕೊಂಡು ಹೀಗಾಗುವುದು ತೀರಾ ಅಪರೂಪ. ಸುಮಾರು 6ರಿಂದ 10 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಈ ಕೊಳವೆಯ ಬಾಯಿಗೆ ಅಡ್ಡ ಬರುವುದು ಹೆಚ್ಚಾಗಿ ಗಟ್ಟಿಯಾದ ಮಲದ ಉಂಡೆ. ಮಕ್ಕಳಲ್ಲಿ ಕೊಳವೆಗೋಡೆಯಲ್ಲಿರುವ, ಸೋಂಕಿನೊಡನೆ ಹೋರಾಡುವ ದುಗ್ಧರಸದ (ಲಿಂಫ್) ಅಂಗಾಂಶವೇ ಊದಿಕೊಳ್ಳುವುದುಂಟು. ಒಳಗೆ ಲೋಳೆ ಊರುತ್ತಲೇ ಇರುತ್ತದೆ, ಹೊರಹೋಗಲು ದಾರಿಯಿಲ್ಲ. ಒತ್ತಡ ಏರಿ ರಕ್ತದ ಓಡಾಟ ನಿಲ್ಲುತ್ತದೆ, ಗೋಡೆ ಕೊಳೆಯುತ್ತದೆ.

ಅಂದಹಾಗೆ, ‘ಅವರಿಗೆ ಅಪೆಂಡಿಕ್ಸ್ ಆಗಿದೆ’ ಎಂದು ಏಳು ಕಡೆ ಬರೆದಿದ್ದೀರಿ. ಅಪೆಂಡಿಕ್ಸ್ ಆಗುವಂಥದ್ದಲ್ಲ, ಹುಟ್ಟುವಾಗಲೇ ಇರುವಂಥದ್ದು. ಊದಿಕೊಂಡರೆ ಅದು ಅಪೆಂಡಿಸೈಟಿಸ್. ಮಾತಿನಲ್ಲಿ ನಡೆಯುತ್ತದೆ, ಲೇಖನದಲ್ಲಿ ಬೇಡ.

‘ಸ್ಕ್ಯಾನ್ ನಾರ್ಮಲ್ ಬಂದರೆ ನಿಶ್ಚಿಂತೆ’ ಎಂಬ ಸಾಲು ತಿದ್ದಿ. ಅಲ್ಟ್ರಾಸೌಂಡ್‌ನಲ್ಲಿ 6 ಮಿಲಿಮೀಟರಿಗಿಂತ ದಪ್ಪವಾದ, ಒತ್ತಿದರೂ ಚಪ್ಪಟೆಯಾಗದ ಅಪೆಂಡಿಕ್ಸ್ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಅದು ಸೀಕಮ್ಮಿನ (ದೊಡ್ಡ ಕರುಳಿನ ಮೊದಲ ಭಾಗದ) ಹಿಂದೆ ಅಡಗಿದ್ದರೆ, ಗ್ಯಾಸ್ ಅಡ್ಡವಿದ್ದರೆ ಕಾಣುವುದೇ ಇಲ್ಲ. ‘ಅಪೆಂಡಿಕ್ಸ್ ಕಾಣಲಿಲ್ಲ’ ಅನ್ನುವ ವರದಿಯನ್ನು ‘ಅಪೆಂಡಿಕ್ಸ್ ಸರಿಯಿದೆ’ ಎಂದು ಓದಿಕೊಳ್ಳುವವರು ಬಹಳ. ಹಿಂದೆ ಅಡಗಿದ್ದಾಗ ನೋವು ಪಕ್ಕೆಯಲ್ಲಿರಬಹುದು. ತುದಿ ಕೆಳಗೆ ಇಳಿಬಿದ್ದಿದ್ದರೆ ಮೂತ್ರಕ್ಕೆ ಪದೇಪದೇ ಹೋಗುವಂತಾಗಿ, ಉರಿಮೂತ್ರದ ಚಿಕಿತ್ಸೆಯಲ್ಲೇ ಎರಡು ದಿನ ಕಳೆದುಹೋಗಬಹುದು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಗರ್ಭದ ಪರೀಕ್ಷೆ ಯಾಕೆ ಮಾಡುತ್ತಾರೆಂದೂ ತಿಳಿಸಿ: ಗರ್ಭನಾಳದಲ್ಲಿ ನಿಂತ ಬಸಿರು ಒಡೆದರೂ ನೋವು ಹೀಗೇ ಇರಬಹುದು.

ಶಸ್ತ್ರಚಿಕಿತ್ಸೆಗೆ ನೀವು ಕೊಟ್ಟದ್ದು ಒಂದೇ ಸಾಲು, ‘ಮೂರು ತೂತು ಮಾಡಿ ತೆಗೆಯುತ್ತಾರೆ’. ಓದುಗರ ಭಯವೆಲ್ಲ ಇರುವುದು ಆ ತೂತುಗಳ ಒಳಗೆ! ಬಿಡಿಸಿ ಬರೆಯಿರಿ. ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ ಸಾಮಾನ್ಯವಾಗಿ 10 ಮಿಲಿಮೀಟರ್ ದಾರಿ ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಡೇರೆಯಂತೆ ಎತ್ತುತ್ತಾರೆ. ಅಲ್ಲಿಂದ ಕ್ಯಾಮೆರಾ, ಉಳಿದೆರಡು ಸಣ್ಣ ತೂತುಗಳಿಂದ ಉಪಕರಣ. ದೊಡ್ಡ ಕರುಳಿನ ಮೇಲಿನ ಮೂರು ಉದ್ದ ಪಟ್ಟಿಗಳನ್ನು ಹಿಂಬಾಲಿಸಿದರೆ ಅವು ಕೂಡುವಲ್ಲಿ ಅಪೆಂಡಿಕ್ಸಿನ ಬುಡ ಸಿಗುತ್ತದೆ. ಅದಕ್ಕೆ ರಕ್ತ ತರುವ ಧಮನಿಯಿರುವ ಪೊರೆಯನ್ನು ಸುಟ್ಟು ಅಥವಾ ಕ್ಲಿಪ್ ಹಾಕಿ ಬಿಡಿಸುತ್ತಾರೆ. ಬುಡಕ್ಕೆ ದಾರದ ಕುಣಿಕೆ ಬಿಗಿದು ಕತ್ತರಿಸಿ, ಚೀಲದಲ್ಲಿಟ್ಟು ಹೊರತೆಗೆಯುತ್ತಾರೆ. ಗಾಯಕ್ಕೆ ಕೀವು ತಾಗಬಾರದೆಂದೇ ಆ ಚೀಲ. ಬುಡವನ್ನು ಉದ್ದ ಬಿಟ್ಟರೆ ಉಳಿದ ಮೋಟಿನಲ್ಲೇ ಮತ್ತೆ ಉರಿಯೂತ ಬರಬಹುದು. ಮಾರನೇ ದಿನ ಭುಜ ನೋಯುತ್ತದೆ ಎನ್ನುವವರಿಗೆ ಕಾರಣ ಹೇಳಿ: ಉಳಿದ ಅನಿಲ ಎದೆ-ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆಣಕಿದರೆ ನೋವು ಭುಜದಲ್ಲಿ ತೋರುತ್ತದೆ.

‘ಆಂಟಿಬಯಾಟಿಕ್‌ನಿಂದಲೇ ವಾಸಿ’ ಎಂಬ ನಿಮ್ಮ ಮಾತು ಅರ್ಧ ನಿಜ. ಒಡೆಯದ, ತೊಡಕಿಲ್ಲದ ಕಾಯಿಲೆಯಲ್ಲಿ ಹಲವರಿಗೆ ಆಗುತ್ತದೆ. ಆದರೆ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ ಹಾಗೆ ಚಿಕಿತ್ಸೆ ಪಡೆದವರಲ್ಲಿ 5 ವರ್ಷದೊಳಗೆ 100ಕ್ಕೆ ಸುಮಾರು 39 ಮಂದಿಗೆ ಮರುಕಳಿಸಿತು. ಒಳಗೆ ಮಲದ ಕಲ್ಲಿದ್ದರೆ ಈ ದಾರಿ ಇನ್ನಷ್ಟು ಕಷ್ಟ. ಇನ್ನು, ತಡವಾಗಿ ಬಂದವರಲ್ಲಿ ಸುತ್ತಲಿನ ಕರುಳು ಅಂಟಿ ಗಡ್ಡೆಯಾಗಿದ್ದರೆ ಸರ್ಜನ್ನರು ತಕ್ಷಣ ಕೈಹಾಕದಿರುವುದೂ ಉಂಟು. ಅದು ಅಸಡ್ಡೆಯಲ್ಲ. ಆಗ ಬಿಡಿಸಹೋದರೆ ಒಳ್ಳೆಯ ಕರುಳೇ ಹರಿಯಬಹುದು.

ಇತಿಹಾಸದ ಒಂದೂವರೆ ಪುಟವನ್ನು ಐದು ಸಾಲಿಗೆ ಇಳಿಸಿ. 1886ರಲ್ಲಿ ಬಾಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಜ್ ಕಾಯಿಲೆಗೆ ಈ ಹೆಸರಿಟ್ಟದ್ದು ಇರಲಿ. ಬ್ರಿಟನ್ನಿನ ಏಳನೇ ಎಡ್ವರ್ಡ್ ದೊರೆಯ ಪ್ರಸಂಗವೂ ಇರಲಿ, ಆದರೆ ತಿದ್ದಿ: 1902ರ ಜೂನ್ 24ರಂದು, ಪಟ್ಟಾಭಿಷೇಕಕ್ಕೆ ಎರಡು ದಿನವಿರುವಾಗ, ಸರ್ಜನ್ ಫ್ರೆಡರಿಕ್ ಟ್ರೀವ್ಸ್ ಬಸಿದದ್ದು ಕೀವನ್ನು. ನೀವು ಬರೆದಂತೆ ಅಪೆಂಡಿಕ್ಸ್ ತೆಗೆಯಲಿಲ್ಲ.

ಕೊನೆಗೆ, ತೆಗೆದ ತುಂಡು ಲ್ಯಾಬಿಗೆ ಹೋಗುತ್ತದೆಂಬ ಮಾತೇ ನಿಮ್ಮಲ್ಲಿಲ್ಲ. ಅಪರೂಪಕ್ಕೆ ಅದರಲ್ಲಿ ಗೆಡ್ಡೆ (ಟ್ಯೂಮರ್) ಸಿಗುತ್ತದೆ. ಹೊಲಿಗೆ ತೋರಿಸಲು ಹೋದ ದಿನ ಆ ವರದಿಯನ್ನು ಕೇಳಿ ಪಡೆಯುವಂತೆ ಒಂದು ಸಾಲು ಸೇರಿಸಿ, ತಿದ್ದಿದ ಪ್ರತಿ ಕಳಿಸಿ.